ಓಲ್ಡ್ ಶಿಕಾಗೋ (1975–80): ಮಾಲ್ ಒಳಗಿನ ಅಮ್ಯೂಸ್‌ಮೆಂಟ್ ಪಾರ್ಕ್ ಐದೇ ವರ್ಷಕ್ಕೆ ಮುಚ್ಚಿದ್ದೇಕೆ? ಅದರ ರೋಲರ್ ಕೋಸ್ಟರ್ ಎಲ್ಲಿಗೆ ಹೋಯಿತು?

ವಿಕಿ_ಬರಹ

ಎಲ್ಲರಿಗೂ ನಮಸ್ಕಾರ. ಕನ್ನಡ ವಿಕಿಪೀಡಿಯಕ್ಕೆ ‘ಓಲ್ಡ್ ಶಿಕಾಗೋ’ ಕುರಿತು ಲೇಖನ ಸಿದ್ಧವಾಗುತ್ತಿದೆ. ಇಲಿನಾಯ್ ರಾಜ್ಯದ ಬೋಲಿಂಗ್‌ಬ್ರೂಕ್‌ನಲ್ಲಿ, ಐ-55 ಹೆದ್ದಾರಿಯೂ ರಾಜ್ಯ ರಸ್ತೆ 53ರೂ ಕೂಡುವ ಜಾಗದಲ್ಲಿ ಇದ್ದದ್ದು ಅದು. ಶಿಕಾಗೋ ಕಡೆಯ ಕನ್ನಡಿಗರಿಗೆ ಗುರುತು ಹೇಳುವುದಾದರೆ, ಲೆಮಾಂಟ್ ದೇವಸ್ಥಾನಕ್ಕೆ ಹೋಗುವವರು ಐ-55 ಬಿಟ್ಟು ಇಳಿಯುತ್ತಾರಲ್ಲ, ಅಲ್ಲಿ ಇಳಿಯದೆ ನೈಋತ್ಯಕ್ಕೆ ಇನ್ನು ನಾಲ್ಕು ಮೈಲಿ ಹೋದರೆ ಆ ಜಾಗ.

ಇಷ್ಟು ಖಚಿತವಾಗಿದೆ: ರಾಬರ್ಟ್ ಬ್ರಿಂಡಲ್ ಎಂಬ ಉದ್ಯಮಿಯ ಕನಸು, 1975ರ ಜೂನ್‌ನಲ್ಲಿ ಬಾಗಿಲು ತೆರೆಯಿತು, 1980ರಲ್ಲಿ ಪಾರ್ಕ್ ಮುಚ್ಚಿತು, 1986ರಲ್ಲಿ ಕಟ್ಟಡ ಕೆಡವಿದರು. ನಡುವೆ ಗುಮ್ಮಟದಂಥ ಛಾವಣಿಯ ಕೆಳಗೆ ಆಟದ ಸಾಮಾನು, ಸುತ್ತ ಹಳೇ ಶಿಕಾಗೋ ಬೀದಿಯ ಮಾದರಿಯಲ್ಲಿ ಅಂಗಡಿಗಳು.

ತೊಡಕು ಮೂರು ಕಡೆ ಇದೆ. ಇದನ್ನು ‘ಜಗತ್ತಿನ ಮೊದಲ ಒಳಾಂಗಣ ಅಮ್ಯೂಸ್‌ಮೆಂಟ್ ಪಾರ್ಕ್’ ಎಂದು ಬರೆಯಬಹುದೇ? ಮುಚ್ಚಿದ್ದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ, ಯಾವುದನ್ನು ಹಿಡಿಯುವುದು? ‘ಶಿಕಾಗೋ ಲೂಪ್’ ಎಂಬ ಕೋಸ್ಟರ್ ಕಟ್ಟಡದ ಜೊತೆಗೇ ಗುಜರಿಗೆ ಹೋಯಿತೇ, ಬೇರೆಲ್ಲಾದರೂ ನಿಂತಿತೇ? ಹುಡುಕಿದರೆ ಅದೇ ಹೆಸರಿನ ಪಿಜ್ಜಾ ಹೋಟೆಲಿನ ಪುಟಗಳೇ ಬರುತ್ತಿವೆ. ಬಲ್ಲವರು ತಿಳಿಸಿ.

---

ಹಳಿ_ಮತ್ತು_ಚಕ್ರ

ಕೋಸ್ಟರ್ ವಿಷಯ ನಾನು ಹೇಳುತ್ತೇನೆ. ಗುಜರಿಗೆ ಹೋಗಲಿಲ್ಲ. ಕಟ್ಟಡ ಕೆಡವಿದ ಮೇಲೂ ಅದು ಮೂವತ್ತೈದು ವರ್ಷ ಬಾಳಿತು.

ಶಿಕಾಗೋ ಲೂಪ್ ಎಂಬುದು ಕ್ಯಾಲಿಫೋರ್ನಿಯಾದ ಆ್ಯರೋ ಡೆವಲಪ್‌ಮೆಂಟ್ ಕಂಪನಿ ಮಾಡಿದ ‘ಕಾರ್ಕ್‌ಸ್ಕ್ರೂ’ ಮಾದರಿ. ಎತ್ತರ ಸುಮಾರು 70 ಅಡಿ, ಹಳಿಯ ಉದ್ದ ಸುಮಾರು 1,250 ಅಡಿ, ವೇಗ ಗಂಟೆಗೆ 45 ಮೈಲಿಯ ಆಸುಪಾಸು, ತಲೆಕೆಳಗಾಗಿ ಎರಡು ಸುರುಳಿ. ಒಂದು ಗಾಡಿಗೆ ಆರು ಡಬ್ಬಿ, ಡಬ್ಬಿಗೆ ನಾಲ್ವರಂತೆ 24 ಜನ. ಈ ಮಾದರಿಯ ಮೊದಲನೆಯದು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ 1975ರ ಮೇನಲ್ಲಿ ಓಡಿತು. ಅದೇ ವರ್ಷ ನ್ಯಾಶ್‌ವಿಲ್‌ನ ಆಪ್ರಿಲ್ಯಾಂಡ್‌ನಲ್ಲಿ ಒಂದು, ಓಲ್ಡ್ ಶಿಕಾಗೋದಲ್ಲಿ ಒಂದು. ಅಂದರೆ ಉಕ್ಕಿನ ಕೊಳವೆ ಹಳಿಯ ಮೇಲೆ ಜನರನ್ನು ತಲೆಕೆಳಗೆ ತಿರುಗಿಸುವ ತಂತ್ರ ಆಗಿನ್ನೂ ಬಿಸಿಬಿಸಿ. ಅದನ್ನು ಸೂರಿನಡಿ ತಂದು ನಿಲ್ಲಿಸಿದ್ದು ನಿಜಕ್ಕೂ ದೊಡ್ಡ ಧೈರ್ಯ. ಲೇಖನದಲ್ಲಿ ಇದಕ್ಕೆ ಒಂದು ಇಡೀ ಪ್ಯಾರಾ ಕೊಡಿ.

ಪಾರ್ಕ್ ಮುಚ್ಚಿದ ಮೇಲೆ ಅದನ್ನು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ರಾಜ್ಯ ಜಾತ್ರೆ ಮೈದಾನಕ್ಕೆ ಒಯ್ದರು. ಅಲ್ಲಿಂದ ನ್ಯೂ ಹ್ಯಾಂಪ್‌ಶೈರ್‌ನ ಸೇಲಂ ಊರಿನ ಕ್ಯಾನೋಬಿ ಲೇಕ್ ಪಾರ್ಕ್‌ಗೆ. 1987ರಿಂದ ‘ಕ್ಯಾನೋಬಿ ಕಾರ್ಕ್‌ಸ್ಕ್ರೂ’ ಎಂಬ ಹೆಸರಿನಲ್ಲಿ ಓಡಿ, 2021ರಲ್ಲಿ ನಿಂತಿತು. 1986ರಲ್ಲಿ ಕೆಡವಿದ್ದು ಖಾಲಿ ಕಟ್ಟಡವನ್ನು. ಅಷ್ಟರಲ್ಲಿ ಕೋಸ್ಟರ್ ಹೊರಬಿದ್ದು ವರ್ಷಗಳಾಗಿದ್ದವು. ಈ ಎರಡನ್ನು ಕಲಸಿದ್ದರಿಂದಲೇ ‘ಜೊತೆಗೇ ಗುಜರಿ’ ಎಂಬ ತಪ್ಪು ಹುಟ್ಟಿರಬೇಕು.

ಇಷ್ಟು ದೊಡ್ಡದನ್ನು ಹೇಗೆ ಸಾಗಿಸುತ್ತಾರೆ ಎಂದು ಓದುವವರು ಕೇಳುತ್ತಾರೆ, ಅದಕ್ಕೂ ಎರಡು ಮಾತು. ಉಕ್ಕಿನ ಕೋಸ್ಟರ್ ತುಂಡು ತುಂಡಾಗಿ ಬೋಲ್ಟ್ ಹಾಕಿ ಜೋಡಿಸಿದ್ದು. ಬಿಚ್ಚುವ ಮುನ್ನ ಪ್ರತಿ ತುಂಡಿಗೂ ಪ್ರತಿ ಕಂಬಕ್ಕೂ ಅಂಕಿ ಕೊಡಬೇಕು. ಬಣ್ಣದಲ್ಲಿ ಬರೆದರೆ ದಾರಿಯಲ್ಲಿ ಉಜ್ಜಿಹೋಗುತ್ತದೆ, ಆದ್ದರಿಂದ ತಗಡಿನ ಬಿಲ್ಲೆ ಕಟ್ಟುವುದೋ ಉಕ್ಕಿನ ಮೇಲೆ ಪಂಚ್ ಹೊಡೆಯುವುದೋ ಮೇಲು. ಮೊದಲು ಗಾಡಿ, ಸರಪಳಿ, ಬ್ರೇಕಿನ ಗಾಳಿ ಪೈಪು. ಆಮೇಲೆ ಮೇಲಿನಿಂದ ಕೆಳಕ್ಕೆ ಹಳಿ, ಕೊನೆಗೆ ಕಂಬ. ತಳಪಾಯದ ಕಾಂಕ್ರೀಟ್ ಮಾತ್ರ ಅಲ್ಲೇ ಉಳಿಯುತ್ತದೆ, ಹೊಸ ಜಾಗದಲ್ಲಿ ಹೊಸದಾಗಿ ಹಾಕಬೇಕು. ಎಡವುವುದು ಸಾಮಾನ್ಯವಾಗಿ ಇಲ್ಲೇ: ಹುಗಿದ ಬೋಲ್ಟುಗಳ ಮಟ್ಟ ಅರ್ಧ ಇಂಚು ಏರುಪೇರಾದರೂ ಮೇಲೆ ಹಳಿಯ ಬಾಯಿ ಬಾಯಿಗೆ ಕೂಡುವುದಿಲ್ಲ. ಆಗ ಕಂಬದ ಪಾದದಡಿ ತೆಳು ಉಕ್ಕಿನ ಪಟ್ಟಿ ಕೊಟ್ಟು ಸರಿಮಾಡುತ್ತಾರೆ. ಜಗ್ಗಿ ಬೋಲ್ಟ್ ಹಾಕಿದರೆ ವೆಲ್ಡಿಂಗ್ ಮೇಲೆ ಸದಾ ಎಳೆತ ಉಳಿದು, ಮುಂದೆ ಅಲ್ಲೇ ಬಿರುಕು ಬಿಡುತ್ತದೆ.

ಈ ಮಾದರಿಯಲ್ಲಿ ಕೂತವರು ‘ಕಿವಿಗೆ ಬಡಿಯುತ್ತದೆ’ ಎಂದು ದೂರುತ್ತಿದ್ದರು. ಅದು ನಿರ್ವಹಣೆಯ ದೋಷವೇ ಆಗಬೇಕಿಲ್ಲ, ವಿನ್ಯಾಸದಲ್ಲೇ ಇತ್ತು. ಆಗಿನ ಹಳಿಯನ್ನು ಹಳಿಯ ನಡುಗೆರೆಯನ್ನೇ ಆಧಾರವಾಗಿಟ್ಟು ತಿರುಚುತ್ತಿದ್ದರು. ಸುರುಳಿಯಲ್ಲಿ ಗಾಡಿ ಹೊರಳುವಾಗ ಹಳಿಗಿಂತ ಮೂರು ನಾಲ್ಕು ಅಡಿ ಮೇಲಿರುವ ತಲೆ ದೊಡ್ಡ ವೃತ್ತದಲ್ಲಿ ಬೀಸಿ, ಹೆಗಲ ಮೇಲಿನ ಪಟ್ಟಿಗೆ ತಾಗುತ್ತಿತ್ತು. ಕೂತವರ ಎದೆಯ ಮಟ್ಟವನ್ನು ಆಧಾರವಾಗಿಟ್ಟು ಹಳಿ ತಿರುಚುವ ಪದ್ಧತಿ ಬಳಕೆಗೆ ಬಂದದ್ದು ಆಮೇಲೆ.

---

ಕಟ್ಟಡದ_ಲೆಕ್ಕ

‘ಮೊದಲನೆಯದು’ ಎಂಬ ಮಾತನ್ನು ಹಾಗೇ ಬರೆಯಬೇಡಿ. ನ್ಯೂಯಾರ್ಕಿನ ಕೋನಿ ಐಲೆಂಡ್‌ನ ಸ್ಟೀಪಲ್‌ಚೇಸ್ ಪಾರ್ಕ್ 1907ರಲ್ಲಿ ಸುಟ್ಟುಹೋದ ಮೇಲೆ, ಅದರ ಮಾಲೀಕ ಜಾರ್ಜ್ ಟಿಲ್ಯೂ ಉಕ್ಕು ಮತ್ತು ಗಾಜಿನ ಭಾರಿ ಮಂಟಪ ಕಟ್ಟಿಸಿ ಆಟಗಳನ್ನು ಒಳಗೆ ತಂದಿದ್ದ. ‘ಪೆವಿಲಿಯನ್ ಆಫ್ ಫನ್’ ಅದರ ಹೆಸರು. 1964ರವರೆಗೆ ನಡೆಯಿತು, 1966ರಲ್ಲಿ ಫ್ರೆಡ್ ಟ್ರಂಪ್ ಕೆಡವಿಸಿದರು. ಆದ್ದರಿಂದ ‘ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕನ್ನೂ ಶಾಪಿಂಗ್ ಮಾಲನ್ನೂ ಒಂದೇ ಸೂರಿನಡಿ ತಂದ ಮೊದಲಿಗರಲ್ಲಿ ಒಂದು’ ಎಂದು ಬರೆದರೆ ಯಾರೂ ತಕರಾರು ಮಾಡಲಾರರು.

ಇನ್ನು ಮುಚ್ಚಿದ್ದೇಕೆ ಎಂಬುದು. ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಆದರೆ ಬೇರು ಯಾವುದು ಎಂದು ಕೇಳಿದರೆ ನನ್ನ ಉತ್ತರ: ಅಲ್ಲಿ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಇರಲಿಲ್ಲ.

ಆ ಕಾಲದ ಅಮೆರಿಕದ ಮಾಲ್ ನಿಂತಿದ್ದೇ ಎರಡು ಮೂರು ಹೆಸರುವಾಸಿ ದೊಡ್ಡ ಮಳಿಗೆಗಳ ಮೇಲೆ. ಬಟ್ಟೆ, ಪಾತ್ರೆ, ಫ್ರಿಜ್ ಎಂದು ಜನ ವಾರವಾರ ಬರುವುದು ಅವುಗಳಿಗೆ. ಹೋಗುವ ದಾರಿಯಲ್ಲಿ ಸಣ್ಣ ಅಂಗಡಿಗಳಿಗೆ ವ್ಯಾಪಾರ. ಬ್ಯಾಂಕು ಸಾಲ ಕೊಡುವುದೂ ಆ ದೊಡ್ಡ ಮಳಿಗೆಯ ಕರಾರು ಪತ್ರ ನೋಡಿ. ಓಲ್ಡ್ ಶಿಕಾಗೋದಲ್ಲಿ ಆ ಜಾಗವನ್ನು ಆಟದ ಪಾರ್ಕ್ ತುಂಬುತ್ತದೆ ಎಂದುಕೊಂಡರು. ಆದರೆ ಮಕ್ಕಳನ್ನು ಕಟ್ಟಿಕೊಂಡು ಪಾರ್ಕಿಗೆ ಬರುವ ಕುಟುಂಬ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಟಿಕೆಟ್ಟಿಗೆ, ತಿಂಡಿಗೆ ದುಡ್ಡು ಕೊಡುತ್ತದೆ. ಜೋಲುಮುಖದ ಮಕ್ಕಳನ್ನು ಎತ್ತಿಕೊಂಡು ಸೋಫಾ ಕೊಳ್ಳಲು ನಿಲ್ಲುವುದಿಲ್ಲ. ಇನ್ನೊಂದು ಕಡೆ ಚಪ್ಪಲಿ ಕೊಳ್ಳಲು ಬಂದವರಿಗೆ ಆ ಗದ್ದಲ ಬೇಡ. ಎರಡೂ ವ್ಯಾಪಾರ ಒಂದನ್ನೊಂದು ನಂಬಿಕೊಂಡವು, ಒಂದರ ಗಿರಾಕಿ ಇನ್ನೊಂದಕ್ಕೆ ಒದಗಲಿಲ್ಲ. ಅಂಗಡಿ ಖಾಲಿಯಾದಂತೆ ಬಾಡಿಗೆ ನಿಂತಿತು, ಬಾಡಿಗೆ ನಿಂತರೆ ಸಾಲದ ಕಂತಿಗೆ ದಾರಿಯಿಲ್ಲ.

ಸಾಲವೂ ಸಣ್ಣದಲ್ಲ. ಕಟ್ಟುವಾಗಲೇ ಖರ್ಚು ಅಂದಾಜು ಮೀರಿ 40 ಮಿಲಿಯನ್ ಡಾಲರಿನ ಹತ್ತಿರ ಹೋಗಿತ್ತು. ಜಾಗ ಶಿಕಾಗೋ ನಡುಪಟ್ಟಣದಿಂದ 45 ಕಿ.ಮೀ. ದೂರ, ಬೋಲಿಂಗ್‌ಬ್ರೂಕ್ ಊರಾಗಿ ನೋಂದಣಿಯಾದದ್ದೇ 1965ರಲ್ಲಿ. ಸುತ್ತ ಆಗಿನ್ನೂ ಹೊಲ, ಅಲ್ಲಲ್ಲಿ ಹೊಸ ಬಡಾವಣೆ. ಕಾರಿಲ್ಲದೆ ಬರುವಂತಿಲ್ಲ. 1979ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು, 1980ರ ಏಪ್ರಿಲ್ ಹೊತ್ತಿಗೆ ಅಮೆರಿಕದ ಬ್ಯಾಂಕುಗಳ ಮೂಲ ಬಡ್ಡಿದರ ಶೇ. 20 ಮುಟ್ಟಿತ್ತು. ಆ ಕಾಲದಲ್ಲಿ ಇಂಥದ್ದನ್ನು ಹೊಸ ಸಾಲ ಎತ್ತಿ ಉಳಿಸುವವರು ಯಾರು?

ಕಟ್ಟಡದ ನಿತ್ಯದ ಖರ್ಚು ಹೇಗಿರುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಇದು ಓಲ್ಡ್ ಶಿಕಾಗೋದ ಅಳತೆಯಲ್ಲ, ಉದಾಹರಣೆ ಮಾತ್ರ. 100 ಮೀಟರ್ ಉದ್ದ, 100 ಅಗಲ, 20 ಎತ್ತರದ ಹಾಲ್ ಎಂದರೆ 2 ಲಕ್ಷ ಘನ ಮೀಟರ್ ಗಾಳಿ, ಸುಮಾರು 240 ಟನ್ ತೂಕ. ಹೊರಗೆ ಮೈನಸ್ 10 ಡಿಗ್ರಿ, ಒಳಗೆ 20 ಬೇಕು. ಇಡೀ ಗಾಳಿಯನ್ನು ಒಮ್ಮೆ ಬಿಸಿಮಾಡಲು ಸುಮಾರು 2,000 ಯೂನಿಟ್. ಎರಡು ಗಂಟೆಗೊಮ್ಮೆ ಒಳಗಿನ ಗಾಳಿ ಬದಲಾಗಬೇಕೆಂದರೆ ಬರೀ ಗಾಳಿಗೇ ಎಡೆಬಿಡದೆ 1,000 ಕಿಲೋವ್ಯಾಟ್ ಹಿಡಿಯುತ್ತದೆ. ಗೋಡೆ, ಛಾವಣಿಯಿಂದ ಸೋರುವ ಶಾಖ ಬೇರೆ. ಮನೆಯ ಹಾಗೆ ಎಂಟು ಹತ್ತು ಅಡಿಯ ಸೂರಾದರೆ ಬಿಸಿ ಗಾಳಿ ಜನರ ಹತ್ತಿರ ಇರುತ್ತದೆ. ಇಲ್ಲಿ ಅದು ಮೇಲೇರಿ ಛಾವಣಿಗೆ ಅಂಟುತ್ತದೆ, ಕೆಳಗೆ ಜನರಿಗೆ ಚಳಿ. ದೊಡ್ಡ ಫ್ಯಾನ್ ಹಾಕಿ ಕೆಳಕ್ಕೆ ತಳ್ಳಬೇಕು.

ಒಳಗೆ ನೀರಿನ ಆಟ ಇಟ್ಟರೆ ಇನ್ನೊಂದು ತಾಪತ್ರಯ. ಹಾಲ್ 20 ಡಿಗ್ರಿ, ತೇವಾಂಶ ಶೇ. 50 ಇದ್ದರೆ, ಸುಮಾರು 9 ಡಿಗ್ರಿಗಿಂತ ತಣ್ಣಗಿರುವ ಯಾವ ಉಕ್ಕಿನ ಮೇಲೂ ಇಬ್ಬನಿ ಕೂರುತ್ತದೆ. ನೀರು ಚಿಮ್ಮಿ ತೇವಾಂಶ ಏರಿದರೆ 12–13 ಡಿಗ್ರಿಯ ಉಕ್ಕೂ ಬೆವರುತ್ತದೆ. ಚಳಿಗಾಲದಲ್ಲಿ ಛಾವಣಿಯ ತೊಲೆ ಮೊದಲು ಬೆವರುವುದು, ಆ ಹನಿ ಬೀಳುವುದು ಕೆಳಗಿನ ಹಳಿ, ಮೋಟರು, ವೈರಿನ ಪೆಟ್ಟಿಗೆಗಳ ಮೇಲೆ. ತುಕ್ಕು ಒಂದು ಕಡೆಯಾದರೆ, ಒದ್ದೆ ಬ್ರೇಕ್ ಪಟ್ಟಿಯ ಹಿಡಿತ ಕಡಿಮೆಯಾಗಿ ಗಾಡಿ ನಿಲ್ಲುವ ಜಾಗ ಮುಂದಕ್ಕೆ ಜಾರುವುದು ಇನ್ನೊಂದು ಕಡೆ.

---

ಗೇಟ್_ನಂ_4

ಕಟ್ಟಡದ ಲೆಕ್ಕದವರ ಮಾತು ಬಹುಪಾಲು ಒಪ್ಪುತ್ತೇನೆ, ಆದರೆ ಪೈಪೋಟಿಯನ್ನು ಬಿಟ್ಟೇಬಿಟ್ಟಿದ್ದೀರಿ ಸರ್. ಹನ್ನೊಂದೇ ತಿಂಗಳಲ್ಲಿ, 1976ರ ಮೇ 29ರಂದು, ಶಿಕಾಗೋದ ಉತ್ತರಕ್ಕೆ ಗರ್ನಿಯಲ್ಲಿ ‘ಮ್ಯಾರಿಯಟ್ಸ್ ಗ್ರೇಟ್ ಅಮೆರಿಕ’ ಪಾರ್ಕ್ ಶುರುವಾಯಿತು. ಈಗಿನ ಸಿಕ್ಸ್ ಫ್ಲ್ಯಾಗ್ಸ್. ಅದರ ಮೊದಲ ವರ್ಷದ ದೊಡ್ಡ ಆಕರ್ಷಣೆ ‘ಟರ್ನ್ ಆಫ್ ದ ಸೆಂಚುರಿ’ ಕೋಸ್ಟರ್. ಅದೂ ಆ್ಯರೋ ಕಂಪನಿಯದೇ, ಅದರಲ್ಲೂ ಅವೇ ಎರಡು ಕಾರ್ಕ್‌ಸ್ಕ್ರೂ ಸುರುಳಿ, ಆದರೆ ಬಯಲಿನಲ್ಲಿ, ಇನ್ನೂ ಎತ್ತರ, ಇನ್ನೂ ಉದ್ದ. ಅಂದರೆ ಓಲ್ಡ್ ಶಿಕಾಗೋ ಕೈಯಲ್ಲಿದ್ದ ದೊಡ್ಡ ತುರುಪು ಒಂದೇ ವರ್ಷಕ್ಕೆ ಹಳತಾಯಿತು. 1980ರಲ್ಲಿ, ಅತ್ತ ಓಲ್ಡ್ ಶಿಕಾಗೋ ಮುಚ್ಚಿದ ವರ್ಷವೇ, ಗರ್ನಿಯವರು ಅದಕ್ಕೆ ಎರಡು ನೆಟ್ಟನೆ ಲೂಪ್ ಸೇರಿಸಿ ‘ಡೀಮನ್’ ಎಂದು ಹೆಸರು ಬದಲಿಸಿದರು.

ಒಳಾಂಗಣ ಪಾರ್ಕಿನ ಕೈ ಕಟ್ಟುವುದು ಇಲ್ಲೇ. ಬಯಲಿನ ಪಾರ್ಕು ಎರಡು ವರ್ಷಕ್ಕೊಂದು ಹೊಸ ಆಟ ತಂದು ‘ಈ ಸಲ ಇದು ಹೊಸತು’ ಎಂದು ಜನರನ್ನು ಮತ್ತೆ ಕರೆಯುತ್ತದೆ. ಸೂರಿನಡಿ ಹೊಸದಕ್ಕೆ ಜಾಗ ಬೇಕೆಂದರೆ ಹಳೆಯದೊಂದು ಹೋಗಬೇಕು. ಎತ್ತರ ಛಾವಣಿ ಹೇಳಿದಷ್ಟೇ. ಅದರಲ್ಲೂ ಪೂರ್ತಿ ಸಿಗುವುದಿಲ್ಲ: ಕೂತವರು ಕೈ ಎತ್ತಿದರೆ, ಪಕ್ಕಕ್ಕೆ ಚಾಚಿದರೆ ಎಲ್ಲಿಯವರೆಗೆ ತಾಗುತ್ತದೋ ಅಷ್ಟು ಜಾಗದಲ್ಲಿ ತೊಲೆ, ಪೈಪು, ದೀಪ ಯಾವುದೂ ಇರಬಾರದು. ಕ್ರೇನು ಒಳಗೆ ತರಲು ಬಾಗಿಲು ಸಾಲದಿದ್ದರೆ ಗೋಡೆ ಬಿಚ್ಚಬೇಕು, ಅಷ್ಟು ದಿನ ಮಾಲ್‌ಗೂ ವ್ಯಾಪಾರ ಹಾಳು.

ಸಾಲಿನ ಲೆಕ್ಕವೂ ಇದೆ. 24 ಜನರ ಒಂದೇ ಗಾಡಿ ಮೂರು ನಿಮಿಷಕ್ಕೊಮ್ಮೆ ಹೊರಟರೆ ಗಂಟೆಗೆ 480 ಜನ. ಎರಡು ಗಾಡಿ ಬಿಟ್ಟು ಒಂದೂವರೆ ನಿಮಿಷಕ್ಕೆ ತಂದರೆ 960. ಭಾನುವಾರ ಐದು ಸಾವಿರ ಜನ ಬಂದರು ಅನ್ನಿ. ಎಲ್ಲರೂ ಮೊದಲು ಓಡುವುದು ಅದೇ ಒಂದು ಆಟಕ್ಕೆ. ಎರಡು ಗಾಡಿ ಓಡಿಸಿದರೂ ಎಲ್ಲರಿಗೂ ಒಂದು ಸುತ್ತು ಸಿಗಲು ಐದು ಗಂಟೆ ಮೀರುತ್ತದೆ.

---

ವಿಕಿ_ಬರಹ

ತುಂಬ ಉಪಕಾರವಾಯಿತು. ಹಾಗಾದರೆ ಇದೇ ಯೋಜನೆ ಬೇರೆ ಕಡೆ ಗೆದ್ದಿದೆಯಲ್ಲ, ಮಿನೆಸೋಟ ರಾಜ್ಯದ ಮಾಲ್ ಆಫ್ ಅಮೆರಿಕ ಇಂದಿಗೂ ನಡೆಯುತ್ತಿದೆ. ಅಲ್ಲಿ ಏನು ಬೇರೆ ಮಾಡಿದರು?

---

ಕಟ್ಟಡದ_ಲೆಕ್ಕ

ದೊಡ್ಡ ಮಳಿಗೆಗಳು. ಕೆನಡಾದ ವೆಸ್ಟ್ ಎಡ್ಮಂಟನ್ ಮಾಲ್ 1981ರಲ್ಲಿ ಮೊದಲು ಮಾಲ್ ಆಗಿಯೇ ಶುರುವಾಯಿತು. ಜನ ಬರುವುದು ಗಟ್ಟಿಯಾದ ಮೇಲೆ 1983ರಲ್ಲಿ ಒಳಗೆ ಆಟದ ಪಾರ್ಕ್ ಸೇರಿಸಿದರು. ಅದನ್ನು ಕಟ್ಟಿದ ಘೆರ್ಮೆಜಿಯನ್ ಸಹೋದರರೇ ಮಾಲ್ ಆಫ್ ಅಮೆರಿಕದ ಹಿಂದೆಯೂ ಇದ್ದವರು. 1992ರ ಆಗಸ್ಟ್‌ನಲ್ಲಿ ಅದು ತೆರೆದಾಗ ನಾಲ್ಕು ಮೂಲೆಗೆ ನಾಲ್ಕು: ಸಿಯರ್ಸ್, ಮೇಸೀಸ್, ಬ್ಲೂಮಿಂಗ್‌ಡೇಲ್ಸ್, ನಾರ್ಡ್‌ಸ್ಟ್ರಾಮ್. ಪಾರ್ಕ್ ನಡುವೆ. ಅದಿಲ್ಲದಿದ್ದರೂ ಮಾಲ್ ನಿಲ್ಲುತ್ತಿತ್ತು.

ಶಾಖದ ವಿಷಯದಲ್ಲೂ ಅವರು ಜಾಣತನ ತೋರಿದರು. ಮಿನೆಸೋಟದ ಚಳಿ ಶಿಕಾಗೋಗಿಂತ ಕಠಿಣ, ಆದರೂ ಮಾಲಿನ ನಡುಭಾಗಕ್ಕೆ ಪ್ರತ್ಯೇಕ ಕೇಂದ್ರ ಹೀಟಿಂಗ್ ವ್ಯವಸ್ಥೆ ಇಟ್ಟಿಲ್ಲ. ಗಾಜಿನ ಛಾವಣಿಯಿಂದ ಬರುವ ಬಿಸಿಲು, ದೀಪಗಳು, ಜನರ ಮೈಶಾಖ ಇವುಗಳಲ್ಲೇ ಬೆಚ್ಚಗಿರುತ್ತದೆ.

---

ಪೀಚ್‌ಟ್ರೀ_ಬೀದಿ

ಇದಕ್ಕಿಂತ ಬೇಗ ಮುಚ್ಚಿದ್ದೂ ಇದೆ, ಲೇಖನದಲ್ಲಿ ಹೋಲಿಕೆಗೆ ಇಟ್ಟುಕೊಳ್ಳಿ. ಅಟ್ಲಾಂಟಾದ ಆಮ್ನಿ ಇಂಟರ್‌ನ್ಯಾಷನಲ್ ಕಟ್ಟಡದೊಳಗೆ ‘ದ ವರ್ಲ್ಡ್ ಆಫ್ ಸಿಡ್ ಆ್ಯಂಡ್ ಮಾರ್ಟಿ ಕ್ರಾಫ್ಟ್’ ಎಂಬ ಒಳಾಂಗಣ ಪಾರ್ಕ್ 1976ರ ಮೇನಲ್ಲಿ ತೆರೆದು ನವೆಂಬರ್‌ನಲ್ಲಿ ಮುಚ್ಚಿತು, ಆರು ತಿಂಗಳೂ ತುಂಬಲಿಲ್ಲ. ಎಂಟು ಮಹಡಿ ಎತ್ತರಕ್ಕೆ ಒಂದೇ ಎಸ್ಕಲೇಟರಿನಲ್ಲಿ ಜನರನ್ನು ಏರಿಸಿ, ಅಲ್ಲಿಂದ ಹಂತ ಹಂತವಾಗಿ ಕೆಳಗಿಳಿಸುವ ಏರ್ಪಾಡು. ಒಂದು ಸುತ್ತು ಇಳಿದರೆ ಆಟ ಮುಗಿಯಿತು, ಇಡೀ ದಿನ ಕಳೆಯುವಷ್ಟು ಸರಕು ಒಳಗಿರಲಿಲ್ಲ. 1987ರಲ್ಲಿ ಆ ಕಟ್ಟಡಕ್ಕೆ ಸಿಎನ್‌ಎನ್ ಬಂತು. ಎಸ್ಕಲೇಟರ್ ಮಾತ್ರ ಉಳಿದು, ಸಿಎನ್‌ಎನ್ ಸ್ಟುಡಿಯೋ ನೋಡಲು ಬಂದವರನ್ನು ಏರಿಸುವ ಕೆಲಸಕ್ಕೆ ಒದಗಿತು.

---

ದಾಖಲೆ_ಪೆಟ್ಟಿಗೆ

ಹುಡುಕುವ ದಾರಿ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ‘ಓಲ್ಡ್ ಶಿಕಾಗೋ’ ಎಂದಷ್ಟೇ ಹೊಡೆದರೆ 1976ರಲ್ಲಿ ಕೊಲರಾಡೋದಲ್ಲಿ ಶುರುವಾದ ಪಿಜ್ಜಾ ಸರಪಳಿ ಬರುತ್ತದೆ. ‘ಶಿಕಾಗೋ ಲೂಪ್’ ಎಂದರೆ ನಗರದ ನಡುಪೇಟೆ ಬರುತ್ತದೆ. ಎರಡಕ್ಕೂ ‘ಬೋಲಿಂಗ್‌ಬ್ರೂಕ್’ ಪದವನ್ನು ಉದ್ಧರಣೆ ಚಿಹ್ನೆಯೊಳಗೆ ಸೇರಿಸಿ, ವರ್ಷವನ್ನು 1973ರಿಂದ 1986ಕ್ಕೆ ಕಟ್ಟಿಹಾಕಿ. ಪತ್ರಿಕೆಯ ಸ್ಕ್ಯಾನ್‌ಗಳಲ್ಲಿ ಊರ ಹೆಸರು ಸಾಲಿನ ಕೊನೆಯಲ್ಲಿ ಮುರಿದು ‘ಬೋಲಿಂಗ್-’ ಎಂದು ನಿಂತಿರುತ್ತದೆ, ಯಂತ್ರ ಅದನ್ನು ಎರಡು ಪದವಾಗಿ ಓದುತ್ತದೆ. ಆದ್ದರಿಂದ ‘ಬ್ರಿಂಡಲ್’ ಹೆಸರಿನಲ್ಲೂ ಒಮ್ಮೆ ಹುಡುಕಿ, ಬಿಟ್ಟುಹೋದವು ಅದರಲ್ಲಿ ಸಿಗುತ್ತವೆ.

ಉದ್ಯಮದ ಒಳಸುದ್ದಿಗೆ ‘ಅಮ್ಯೂಸ್‌ಮೆಂಟ್ ಬಿಸಿನೆಸ್’ ವಾರಪತ್ರಿಕೆ ನೋಡಲೇಬೇಕು. 1961ರಿಂದ 2006ರವರೆಗೆ ನಡೆದದ್ದು. ಆಟದ ಸಾಮಾನು ಮಾರಾಟದ ಜಾಹೀರಾತುಗಳು ಅದರ ಹಿಂದಿನ ಪುಟಗಳಲ್ಲಿ ಬರುತ್ತಿದ್ದವು. ಪಾರ್ಕ್ ಮುಚ್ಚಿದ ಮೇಲೆ ಯಾವ ಸಾಮಾನು ಎಲ್ಲಿಗೆ ಹೋಯಿತು ಎಂದು ಹಿಡಿಯಲು ಸುದ್ದಿಗಿಂತ ಆ ಜಾಹೀರಾತೇ ಹೆಚ್ಚು ನೆರವಾಗುತ್ತದೆ.

ಜಮೀನಿನ ಕಾಗದಕ್ಕೆ ಜೋಲಿಯೆಟ್‌ನಲ್ಲಿರುವ ವಿಲ್ ಕೌಂಟಿಯ ನೋಂದಣಿ ಕಚೇರಿ. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ ಇದ್ದ ಹಾಗೆ. ಅಡಮಾನ, ಹಕ್ಕು ವರ್ಗಾವಣೆ ಎಲ್ಲಕ್ಕೂ ತಾರೀಖು ಸಹಿತ ದಾಖಲೆ ಇರುತ್ತದೆ. ಬರೀ ‘ಸಾಲ ತೀರಿಸಲಾಗದೆ ಮುಚ್ಚಿತು’ ಎಂದು ಬರೆಯುವ ಬದಲು ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು ಎಂದು ಬರೆಯಬಹುದು. ಊರಿನ ಫೌಂಟನ್‌ಡೇಲ್ ಸಾರ್ವಜನಿಕ ಗ್ರಂಥಾಲಯಕ್ಕೂ ಒಂದು ಪತ್ರ ಹಾಕಿ. ಪ್ರಶ್ನೆ ಚಿಕ್ಕದಾಗಿರಲಿ, ವರ್ಷ ಸ್ಪಷ್ಟವಾಗಿರಲಿ. ‘ಎಲ್ಲ ಮಾಹಿತಿ ಕಳಿಸಿ’ ಎಂದರೆ ಯಾರೂ ಉತ್ತರಿಸಲಾರರು.

ಕೊನೆಯದು ವಿಮಾನದಿಂದ ತೆಗೆದ ಚಿತ್ರ. ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ‘ಅರ್ತ್ ಎಕ್ಸ್‌ಪ್ಲೋರರ್’ ತಾಣದಲ್ಲಿ ಹಳೆಯವು ಉಚಿತ. ಖಾತೆ ತೆರೆದು, ನಕ್ಷೆಯಲ್ಲಿ ಐ-55 ಮತ್ತು 53ರ ಕೂಡುರಸ್ತೆಯ ಸುತ್ತ ಚೌಕ ಎಳೆದು, ‘ಏರಿಯಲ್ ಸಿಂಗಲ್ ಫ್ರೇಮ್ಸ್’ ಸಂಗ್ರಹ ಆರಿಸಿ, ವರ್ಷ ಹಾಕಿ. 1975ಕ್ಕೆ ಮುಂಚಿನದೊಂದು, ಕಟ್ಟಡ ಇದ್ದಾಗಿನದೊಂದು, 1986ರ ನಂತರದ್ದೊಂದು, ಮೂರು ಸಿಕ್ಕರೆ ಸಾಕು. ಕೆಳಗೆ ಇಳಿಸಿಕೊಂಡ ಚಿತ್ರದಲ್ಲಿ ಉತ್ತರ ದಿಕ್ಕು ಮೇಲೇ ಇರುತ್ತದೆ ಎಂದು ನಂಬಬೇಡಿ. ಹೆದ್ದಾರಿ ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಹೋಗುತ್ತದೆ, ಅದನ್ನು ಹಿಡಿದು ಚಿತ್ರ ತಿರುಗಿಸಿಕೊಳ್ಳಿ. ಕಟ್ಟಡ ಕೆಡವಿದ ಮೇಲೆ ಆ ಜಾಗಕ್ಕೆ ಕಾರು ಹರಾಜಿನ ಅಂಗಳ ಬಂತು. ನಂತರದ ಚಿತ್ರದಲ್ಲಿ ಸಾಲು ಸಾಲು ಕಾರು ಕಂಡರೆ ಅದನ್ನು ಮಾಲಿನ ಪಾರ್ಕಿಂಗ್ ಎಂದುಕೊಂಡು ‘1990ರಲ್ಲೂ ನಡೆಯುತ್ತಿತ್ತು’ ಎಂದು ಬರೆದುಬಿಡಬೇಡಿ. ನಡುವೆ ಗುಮ್ಮಟದ ಚೌಕ ಕಟ್ಟಡ ಇದೆಯೇ ಇಲ್ಲವೇ, ಅಷ್ಟು ನೋಡಿ.

---

ಹಳಿ_ಮತ್ತು_ಚಕ್ರ

ಇದಕ್ಕೆ ಒಂದೇ ಸೇರಿಕೆ. ಕೋಸ್ಟರಿನ ಫೋಟೋ ಹಾಕುವಾಗ ಎಚ್ಚರ. ಆ್ಯರೋ ಈ ಮಾದರಿಯನ್ನು ಹಲವು ಪಾರ್ಕುಗಳಿಗೆ ಮಾರಿದೆ, ಹಳಿಯ ವಿನ್ಯಾಸ ಒಂದೇ, ಬಣ್ಣ ಮಾತ್ರ ಬೇರೆ. ಸುರುಳಿಯ ಹಿಂದೆ ಆಕಾಶ ಕಂಡರೆ ಅದು ಓಲ್ಡ್ ಶಿಕಾಗೋ ಅಲ್ಲವೇ ಅಲ್ಲ. ತೊಲೆಯ ಸಾಲು ಕಾಣಬೇಕು. ಬಯಲಿನಲ್ಲಿರುವ ಕ್ಯಾನೋಬಿಯ ಫೋಟೋ ಹಾಕುವುದಾದರೆ ಅಡಿಬರಹದಲ್ಲಿ ‘1987ರ ನಂತರ, ಸೇಲಂ, ನ್ಯೂ ಹ್ಯಾಂಪ್‌ಶೈರ್’ ಎಂದೇ ಬರೆಯಿರಿ.

---

ವಿಕಿ_ಬರಹ

ಎಲ್ಲರಿಗೂ ಧನ್ಯವಾದ. ‘ಮೊದಲನೆಯದು’ ತೆಗೆದು ‘ಮೊದಲಿಗರಲ್ಲಿ ಒಂದು’ ಮಾಡಿದೆ, ಕೋಸ್ಟರಿಗೆ ಪ್ರತ್ಯೇಕ ವಿಭಾಗ ಕೊಟ್ಟೆ. ಮುಚ್ಚಿದ ಕಾರಣದಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ಮೊದಲು, ಗರ್ನಿ ಎರಡನೆಯದು, ಸಾಲ ಮತ್ತು ಬಡ್ಡಿ ಮೂರನೆಯದು ಎಂದು ಇಟ್ಟಿದ್ದೇನೆ. ವಿಲ್ ಕೌಂಟಿ ಕಾಗದ ಕೈಗೆ ಬಂದ ಮೇಲೆ ತಾರೀಖುಗಳನ್ನು ಇಲ್ಲೇ ಹಾಕುತ್ತೇನೆ.